ಹತ್ತು ತಿಂಗಳ ಮಗುವಿಗೆ ಡಬ್ಬಿ ಸಾಕಾ, ಕೀಬೋರ್ಡ್ ಬೇಕಾ?

ಪ್ರಶ್ನೆ: ನನ್ನ ಮಗನಿಗೆ ಹತ್ತು ತಿಂಗಳು. ನಮ್ಮ ಮಾವನವರಿಗೆ ಸಂಗೀತ ಅಂದರೆ ಪ್ರಾಣ. ಮೊಮ್ಮಗನೂ ಕಲಿಯಲಿ ಅಂತ ಒಂದು ಆಟದ ಕೀಬೋರ್ಡ್ ತಂದಿದ್ದಾರೆ. ದಿನಾ ಸಂಜೆ ಅದರ ಮುಂದೆ ಕೂರಿಸಿ, ಬೆರಳು ಹಿಡಿದು ಒತ್ತಿಸುತ್ತಾರೆ. ಎರಡೇ ನಿಮಿಷಕ್ಕೆ ಅಳು ಶುರು. ಅಡುಗೆಮನೆಯಲ್ಲಿ ಬಿಟ್ಟರೆ ಮಾತ್ರ ಸ್ಟೀಲ್ ಡಬ್ಬಿ, ಸೌಟು ಬಡಿಯುತ್ತಾ ಅರ್ಧ ಗಂಟೆ ಕೂರುತ್ತಾನೆ. ಅವನಿಗೆ ಸಂಗೀತದಲ್ಲಿ ಆಸಕ್ತಿ ಇಲ್ಲವಾ? ಮೊಬೈಲಿನಲ್ಲಿ ಮೊಜಾರ್ಟ್ ಸಂಗೀತ ಹಾಕಿದರೆ ಬುದ್ಧಿ ಚುರುಕಾಗುತ್ತದೆ ಅಂತಾರೆ, ನಿಜವಾ? ನನಗಂತೂ ಹಾಡೋಕೆ ಬರಲ್ಲ.
ಒಬ್ಬ ತಾಯಿ, ದಾವಣಗೆರೆ

ಉತ್ತರ: ಆಸಕ್ತಿ ಇಲ್ಲದ ಮಗು ಅರ್ಧ ಗಂಟೆ ಡಬ್ಬಿ ಬಡಿಯುತ್ತದಾ? ಕೀಬೋರ್ಡ್ ಮುಂದೆ ಅವನ ಬೆರಳು ಅಜ್ಜನ ಕೈಯಲ್ಲಿರುತ್ತದೆ, ಡಬ್ಬಿ ಮುಂದೆ ಅವನ ಕೈ ಅವನದೇ. ಅಳುವುದು ಅದಕ್ಕೇ.

ನಾಳೆ ಒಂದು ಕೆಲಸ ಮಾಡಿ. ಅವನು ಬಡಿಯುವಾಗ ಒಲೆ ಆರಿಸಿ, ಐದು ನಿಮಿಷ ಅವನ ಎದುರಿಗೆ ನೆಲದ ಮೇಲೆ ಕೂತು ಸುಮ್ನೆ ನೋಡಿ. ಟಣ್ ಟಣ್ ಟಣ್ ಅಂತ ಬಡಿಯುತ್ತಾನೆ. ಆಮೇಲೆ ಎತ್ತಿದ ಸೌಟು ಎತ್ತಿದಂತೆಯೇ ಇರುತ್ತದೆ, ಕಣ್ಣು ನಿಮ್ಮ ಮುಖದ ಮೇಲೆ, ಬಾಯಿ ತೆರೆದು ಜೊಲ್ಲು ಗಲ್ಲಕ್ಕೆ ಇಳಿಯುತ್ತಿರುತ್ತದೆ. ಅಮ್ಮ ಏನು ಮಾಡುತ್ತಾಳೆ ಅಂತ ಕಾಯುತ್ತಿದ್ದಾನೆ. ನೀವೂ ಅಂಗೈಯಿಂದ ನೆಲಕ್ಕೆ ಮೂರು ಸಲ ತಟ್ಟಿ, ನಿಲ್ಲಿಸಿ. ಈಗ ಅವನ ಸರದಿ. ಇಲ್ಲೇ ನಾವೆಲ್ಲ ತಪ್ಪು ಮಾಡುವುದು: ಈ ವಯಸ್ಸಿನ ಮಗುವಿಗೆ ತಿರುಗಿ ಉತ್ತರ ಕೊಡೋಕೆ ನಮಗಿಂತ ಜಾಸ್ತಿ ಹೊತ್ತು ಬೇಕು, ಅಷ್ಟು ಕಾಯೋಕಾಗದೆ ನಾವೇ ಮತ್ತೊಂದು ಸಲ ತಟ್ಟಿಬಿಡುತ್ತೇವೆ, ಅವನ ಸರದಿ ಅಲ್ಲಿಗೆ ಹೋಯಿತು. ಕಾಯಿರಿ. ಲಯ ತಪ್ಪಿದರೆ ತಿದ್ದಬೇಡಿ. ಮುಖ ಆ ಕಡೆ ತಿರುಗಿಸಿದ, ಕಣ್ಣು ಉಜ್ಜಿಕೊಂಡ, ಬೆನ್ನು ಹಿಂದಕ್ಕೆ ಬಗ್ಗಿಸಿ ಒದ್ದಾಡಿದ ಅಂದರೆ ಆಟ ಸಾಕು ಅಂತ ಅರ್ಥ. 'ಇನ್ನೊಂದ್ಸಲ ಮಾಡು ಪುಟ್ಟಾ, ಅಜ್ಜನಿಗೆ ತೋರಿಸು' ಅನ್ನುತ್ತೇವಲ್ಲ, ಪ್ರೀತಿಯಿಂದಲೇ ಅನ್ನುವುದು, ಆದರೆ ಒತ್ತಡ ಶುರುವಾಗುವುದು ಆ ಮಾತಿನಿಂದಲೇ.

ಲಯ ಅವನಲ್ಲಿ ಆಗಲೇ ಇದೆ. 2009ರಲ್ಲಿ ಪ್ರಕಟವಾದ ಹಂಗೆರಿಯ ಅಧ್ಯಯನವೊಂದರಲ್ಲಿ, ಹುಟ್ಟಿ ಎರಡು ಮೂರು ದಿನವಾದ ಶಿಶುಗಳಿಗೆ ನಿದ್ದೆಯಲ್ಲೇ ಡ್ರಮ್ ತಾಳ ಕೇಳಿಸಿ ಪರೀಕ್ಷಿಸಿದರು. ತಾಳದ ಒಂದು ಸುತ್ತಿನ ಮೊದಲ ಪೆಟ್ಟು ಬಿಟ್ಟಾಗ ಮೆದುಳು ಅದನ್ನು ಗುರುತಿಸಿತ್ತು. ನನಗೆ ಇನ್ನೂ ಇಷ್ಟವಾಗಿದ್ದು 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಪಾಶ್ಚಾತ್ಯ ಸಂಗೀತವನ್ನಷ್ಟೇ ಕೇಳಿದ್ದ ಆರು ತಿಂಗಳ ಮಕ್ಕಳು ಆಗ್ನೇಯ ಯುರೋಪಿನ ಬಾಲ್ಕನ್ ನಾಡಿನ ಏಳೆಣಿಕೆಯ ತಾಳ ತಪ್ಪಿದರೂ ಗುರುತಿಸುತ್ತಿದ್ದರು. ಒಂದು ವರ್ಷದ ಹೊತ್ತಿಗೆ ಅದು ಕಡಿಮೆಯಾಗಿತ್ತು, ಕಿವಿ ಮನೆಯ ತಾಳಕ್ಕೆ ಒಗ್ಗಿಕೊಂಡಿತ್ತು. ನಮ್ಮ ಕರ್ನಾಟಕ ಸಂಗೀತದ ಮಿಶ್ರಛಾಪು ತಾಳವೂ ಏಳೇ ಅಲ್ವಾ!

ಅಂದರೆ ನಿಮ್ಮ ಮಾವನವರ ಆಸೆ ತಪ್ಪಲ್ಲ, ದಾರಿ ಬೇರೆ ಅಷ್ಟೇ. ಅವರಿಗೆ ಹೀಗೆ ಹೇಳಿ ನೋಡಿ: 'ಮಾವ, ನೀವು ಹಾಡ್ಕೊಳ್ಳಿ, ಇವನು ನಿಮ್ಮ ತೊಡೆ ಮೇಲೆ ಕೂತಿರಲಿ.' ಅವರು ತಮ್ಮ ಖುಷಿಗೆ ಭಜನೆ ಹೇಳಿಕೊಂಡು ತಾಳ ಹಾಕಲಿ, ತೊಡೆ ಮೆಲ್ಲಗೆ ಕುಣಿಯಲಿ. ಮಗುವಿಗೆ ಲಯ ಮೈಯಿಂದಲೂ ಹೋಗುತ್ತದೆ. ಒಂದು ಪ್ರಯೋಗದಲ್ಲಿ ಏಳು ತಿಂಗಳ ಮಕ್ಕಳನ್ನು ಎರಡೆರಡು ಪೆಟ್ಟಿಗೆ ಕುಣಿಸಿದರೆ ಆಮೇಲೆ ಎರಡರ ಲಯವನ್ನೇ ಕೇಳಲು ಇಷ್ಟಪಟ್ಟರು, ಮೂರು ಮೂರಕ್ಕೆ ಕುಣಿಸಿದವರು ಮೂರರದ್ದನ್ನು. ಇಳಿಯಬೇಕು ಅಂತ ಒದ್ದಾಡಿದರೆ ಇಳಿಸಿಬಿಡಲಿ, ಅಜ್ಜ ಹಾಡುತ್ತಲೇ ಇರಲಿ.

ಮೊಜಾರ್ಟ್ ವಿಷಯ ಬಿಟ್ಟುಬಿಡಿ. ಆ ಮಾತು ಹುಟ್ಟಿದ್ದು 1993ರ ಒಂದು ಪ್ರಯೋಗದಿಂದ, ಅದರಲ್ಲಿ ಮಗುವೇ ಇರಲಿಲ್ಲ. ಇದ್ದವರು 36 ಕಾಲೇಜು ವಿದ್ಯಾರ್ಥಿಗಳು, ಮೊಜಾರ್ಟ್ ಕೇಳಿದ ಮೇಲೆ ಒಂದು ಬಗೆಯ ಪರೀಕ್ಷೆಯಲ್ಲಿ ಅವರಿಗೆ ಸಿಕ್ಕ ಅನುಕೂಲ ಉಳಿದದ್ದು ಹತ್ತು ಹದಿನೈದು ನಿಮಿಷ. ಹಾಡು ಬೇಕೆಂದಾಗ ಹಾಕಿ ಕೇಳಿ, ಬುದ್ಧಿಗೆ ಅಂತ ಬೇಡ. ಮೊಬೈಲಿನ ಪರದೆಯನ್ನಂತೂ ಅವನಿಗೆ ತೋರಿಸಬೇಡಿ, ಒಂದು ವರ್ಷದೊಳಗೆ ಪರದೆ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಹಾಡೋಕೆ ಬರಲ್ಲ ಅಂದಿರಿ. ಅವನಿಗೆ ಶ್ರುತಿಯ ಚಿಂತೆ ಇಲ್ಲ, ಹೊಟ್ಟೆಯಲ್ಲಿದ್ದಾಗಿಂದ ಕೇಳಿದ ದನಿ ನಿಮ್ಮದು. ಎಣ್ಣೆ ಹಚ್ಚುವಾಗ, ನೀರು ಹಾಕುವಾಗ ಅವನ ಹೆಸರನ್ನೇ ಎಳೆದು ಎಳೆದು ರಾಗವಾಗಿ ಕರೆಯಿರಿ. 'ಕಾಲಿಗೆ ಎಣ್ಣೆ, ಕೈಗೆ ಎಣ್ಣೆ' ಅಂತ ಬಾಯಿಗೆ ಬಂದದ್ದೇ ಹಾಡು. ದಿನಾ ಅದನ್ನೇ ಹೇಳಿ. ನಿಮಗೆ ಬೇಜಾರಾಗಬಹುದು, ಮಕ್ಕಳಿಗೆ ಅದೇ ಹಾಡು ಮತ್ತೆ ಬರುವುದೇ ಖುಷಿ. ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದ ಒಂದು ಪ್ರಯೋಗದಲ್ಲಿ ಮಕ್ಕಳಿಗೆ ಅವರು ಕೇಳಿಯೇ ಇರದ ಟರ್ಕಿಶ್ ಭಾಷೆಯ ಹಾಡು ಕೇಳಿಸಿದರೆ ಅಳದೆ ಸುಮಾರು 9 ನಿಮಿಷ ಇದ್ದವು, ಬರೀ ಮಾತಿಗೆ ಅದರ ಅರ್ಧದಷ್ಟೇ. ಅಪರಿಚಿತರ ದನಿಗೇ ಇಷ್ಟು!

ಕ್ಲಾಸಿಗೆ ಈಗ ಸೇರಿಸುವ ಯೋಚನೆ ಬೇಡ. ಆದರೆ ಹಿಂದಿನಿಂದ ಕರೆದರೆ, ಪಾತ್ರೆ ಬಿದ್ದರೆ ಅವನು ತಿರುಗಿ ನೋಡುತ್ತಾನಾ ಗಮನಿಸಿ. ಇಲ್ಲ ಅನ್ನಿಸಿದರೆ ತಡ ಮಾಡದೆ ಮಕ್ಕಳ ಡಾಕ್ಟರಿಗೆ ಹೇಳಿ ಕಿವಿ ಪರೀಕ್ಷೆ ಮಾಡಿಸಿ.

ಆಟಕ್ಕೆ ಡಬ್ಬಿ, ಮರದ ಚಮಚ, ಬಾಯಿಗೆ ಹಿಡಿಸದಷ್ಟು ದೊಡ್ಡ ಚನ್ನಪಟ್ಟಣದ ಗಿಲಕಿ ಸಾಕು. ಡಬ್ಬಿಯ ಅಂಚು ಹರಿತವಾಗಿದೆಯಾ ಬೆರಳಾಡಿಸಿ ನೋಡಿಕೊಳ್ಳಿ. ಬಿಡಿ ಗೆಜ್ಜೆ, ಕಾಳು ತುಂಬಿ ಸುಮ್ನೆ ಮುಚ್ಚಿದ ಬಾಟಲಿ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಕೀಬೋರ್ಡನ್ನು ಎಸೆಯಬೇಕಿಲ್ಲ, ಅವನು ತಾನೇ ಬಂದು ಮುಟ್ಟುವವರೆಗೆ ಮೂಲೆಯಲ್ಲಿರಲಿ. ಅದರ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇದೆಯಾ ಇವತ್ತೇ ನೋಡಿ. ಒಳಗೆ ಗುಂಡಿಯಂಥ ಬ್ಯಾಟರಿ ಇದ್ದು ಸ್ಕ್ರೂ ಇಲ್ಲದಿದ್ದರೆ ಈಗಲೇ ತೆಗೆದು ಅವನ ಕೈಗೆ ಸಿಗದ ಕಡೆ ಇಡಿ, ನುಂಗಿದರೆ ಅದು ಗಂಟೆಗಳಲ್ಲೇ ಅನ್ನನಾಳವನ್ನು ಸುಡುತ್ತದೆ.