ಪಥ್ಯದ ಪಟ್ಟಿ ಕೇಳಿದವರಿಗೆ ಪ್ರಶ್ನೆ ಸಿಕ್ಕರೆ

ಓದುಗರೊಬ್ಬರ ಪತ್ರ: ತೂಕ ಇಳಿಸಿಕೊಳ್ಳಬೇಕೆಂದು ಪೋಷಣಾ ತಜ್ಞೆಯೊಬ್ಬರ ಬಳಿ ಹೋಗಿದ್ದೆ. ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂಬ ಪಟ್ಟಿ ಕೊಡುತ್ತಾರೆಂದುಕೊಂಡರೆ, ಅವರು ಕೈಗೆ ನಾಲ್ಕು ಒಣದ್ರಾಕ್ಷಿ ಕೊಟ್ಟು ಒಂದೊಂದಾಗಿ, ನಿಧಾನವಾಗಿ ತಿನ್ನಿಸಿದರು. ಪ್ರತಿ ಊಟಕ್ಕೂ ಮೊದಲು ಹಸಿವು ಎಷ್ಟಿದೆ ಎಂದು ಬರೆದಿಡಲು ಹೇಳಿ ಕಳುಹಿಸಿದರು. ನಾನು ಧ್ಯಾನ ಕಲಿಯಲು ಹೋದವನಲ್ಲ. ಪ್ರತಿ ತುತ್ತನ್ನೂ ಗಮನವಿಟ್ಟು ತಿನ್ನುವ ಈ ‘ಮೈಂಡ್‌ಫುಲ್ ಈಟಿಂಗ್’ ವಿಜ್ಞಾನವೋ, ಫ್ಯಾಷನ್ನೋ?

ಸಂಪಾದಕರ ಉತ್ತರ: ನಿಮ್ಮ ಪತ್ರದ ತುಂಬ ಸಿಟ್ಟಿದೆ. ಆದರೂ ಆ ಕೊಠಡಿಯಲ್ಲಿ ನಡೆದದ್ದನ್ನು ಒಂದೂ ಬಿಡದೆ ಬರೆದಿದ್ದೀರಿ. ಇಷ್ಟು ಸೂಕ್ಷ್ಮವಾಗಿ ಗಮನಿಸಬಲ್ಲವರು ಊಟದ ತಟ್ಟೆಯ ಮುಂದೆ ಮಾತ್ರ ಗಮನ ಕೊಡಲು ಒಲ್ಲೆನೆನ್ನುವುದೇಕೆ ಎಂದು ನಾನು ಮೊದಲು ನಿಮ್ಮನ್ನೇ ಕೇಳಬೇಕಾಗಿದೆ.

ಪಟ್ಟಿಗೂ ಅದರದೇ ಸ್ಥಾನವಿದೆ, ಅದನ್ನು ಒಪ್ಪಿಕೊಂಡೇ ಮುಂದೆ ಹೋಗೋಣ. ಇನ್ಸುಲಿನ್ ಚುಚ್ಚಿಕೊಳ್ಳುವವರು ಕಾರ್ಬೊಹೈಡ್ರೇಟಿನ ಲೆಕ್ಕವನ್ನು ಹಸಿವಿನ ಅಂದಾಜಿಗೆ ಬಿಡಲಾಗದು. ಮೂತ್ರಪಿಂಡ ಸೋತವರಿಗೆ ಪೊಟ್ಯಾಸಿಯಂ ಹೆಚ್ಚಾಯಿತೆಂದು ನಾಲಿಗೆ ಹೇಳುವುದಿಲ್ಲ. ತೂಕ ಹೆಚ್ಚುವ ಭಯದಿಂದ ಊಟವನ್ನೇ ತೊರೆಯುವ ಅನೊರೆಕ್ಸಿಯಾ ಎಂಬ ಕಾಯಿಲೆಯಿಂದ ಬಳಲುವವರಲ್ಲಿ ಹಸಿವಿನ ಸೂಚನೆಯನ್ನೇ ನಂಬುವಂತಿಲ್ಲವಾದ್ದರಿಂದ, ಮೊದಮೊದಲು ಗಡಿಯಾರ ನೋಡಿಯೇ ಉಣ್ಣಿಸಬೇಕಾಗುತ್ತದೆ. ನಿಮ್ಮ ಪತ್ರ ಓದಿದರೆ ನೀವು ಈ ಮೂವರಲ್ಲಿ ಯಾರೂ ಅಲ್ಲವೆಂದು ತೋರುತ್ತದೆ.

ಆ ಒಣದ್ರಾಕ್ಷಿ ನಿಮ್ಮ ತಜ್ಞೆಯ ಸ್ವಂತ ಕಲ್ಪನೆಯಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಜಾನ್ ಕಬಟ್-ಝಿನ್ 1979ರಲ್ಲಿ ಆರಂಭಿಸಿದ ಒತ್ತಡ ನಿವಾರಣಾ ಕಾರ್ಯಕ್ರಮದಿಂದ ಅದು ಜನಪ್ರಿಯವಾಯಿತು. ಅದನ್ನು ಊಟದ ಸಮಸ್ಯೆಗಳ ಕಡೆಗೆ ತಿರುಗಿಸಿದವರಲ್ಲಿ ಮನಃಶಾಸ್ತ್ರಜ್ಞೆ ಜೀನ್ ಕ್ರಿಸ್ಟೆಲರ್ ಪ್ರಮುಖರು. ಹಿಡಿತ ತಪ್ಪಿ ಅತಿಯಾಗಿ ತಿನ್ನುವ 18 ಮಹಿಳೆಯರೊಂದಿಗೆ ಅವರು ನಡೆಸಿದ ಪುಟ್ಟ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಅಂಥ ಪ್ರಸಂಗಗಳು ಅವರಲ್ಲಿ ಗಣನೀಯವಾಗಿ ಇಳಿದಿದ್ದವು.

ನಾಲ್ಕು ದ್ರಾಕ್ಷಿ ತಿನ್ನಿಸಿದ ಮೇಲೆ ಅವರು ನಿಮ್ಮನ್ನು ಏನು ಕೇಳಿದರೆಂದು ನೀವು ಬರೆದಿಲ್ಲ. ಬಹುಶಃ ‘ಯಾವುದರಿಂದ ರುಚಿ ಕಡಿಮೆಯಾಗತೊಡಗಿತು?’ ಎಂದು ಕೇಳಿರುತ್ತಾರೆ. ಮೊದಲನೆಯದು ಹಲ್ಲಿನ ನಡುವೆ ಒಡೆದಾಗ ಬಾಯಿ ತುಂಬ ಸಿಹಿ, ಅದರ ಹಿಂದೆಯೇ ಒಂದಿಷ್ಟು ಹುಳಿ. ಎರಡನೆಯದರಲ್ಲಿ ಹುಳಿ ಗೊತ್ತಾಗುವುದೇ ಕಷ್ಟ. ನಾಲ್ಕನೆಯದನ್ನು ಅಗಿಯುವಾಗ ದವಡೆ ಆಡುತ್ತಿರುತ್ತದೆ, ಅಷ್ಟೆ. ಒಂದೇ ತಿನಿಸನ್ನು ತಿನ್ನುತ್ತ ಹೋದಂತೆ ಅದರ ಹಿತ ಇಳಿಯುತ್ತದೆ, ಆದರೆ ಬೇರೆ ತಿನಿಸಿನ ಆಕರ್ಷಣೆ ಹಾಗೆಯೇ ಉಳಿದಿರುತ್ತದೆ ಎಂಬುದನ್ನು ಪೋಷಣಾ ಸಂಶೋಧಕಿ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲೇ ಪ್ರಯೋಗಗಳಿಂದ ತೋರಿಸಿದ್ದರು. ಸಾಕು ಎನ್ನಲು ದೇಹಕ್ಕೆ ಹೊಟ್ಟೆಯೊಂದೇ ದಾರಿಯಲ್ಲ, ನಾಲಿಗೆಯೂ ಹೇಳುತ್ತದೆ. ಪರದೆ ನೋಡುತ್ತ ಗಬಗಬನೆ ನುಂಗುವವರಿಗೆ ಅದು ಕೇಳಿಸುವುದಿಲ್ಲ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ 2013ರ ವಿಶ್ಲೇಷಣೆಯೊಂದರ ಪ್ರಕಾರ, ಗಮನ ಬೇರೆಡೆ ಇಟ್ಟು ಉಂಡವರು ಆ ಹೊತ್ತಿನಲ್ಲಿ ಹೆಚ್ಚು ತಿನ್ನುವುದಷ್ಟೇ ಅಲ್ಲ, ಮುಂದಿನ ಹೊತ್ತಿನಲ್ಲೂ ಹೆಚ್ಚು ತಿನ್ನುತ್ತಾರೆ. ಉಂಡ ನೆನಪೇ ಸರಿಯಾಗಿ ಕೂತಿರುವುದಿಲ್ಲ. (ಗೊತ್ತಾಗದಂತೆ ತಾನಾಗಿ ತುಂಬಿಕೊಳ್ಳುವ ಬಟ್ಟಲಿನಿಂದ ಜನ ಹೆಚ್ಚು ಸೂಪು ಕುಡಿದರೆಂಬ ಪ್ರಸಿದ್ಧ ಪ್ರಯೋಗವನ್ನು ನಾನು ಉದಾಹರಿಸುತ್ತಿಲ್ಲ. ಅದನ್ನು ಮಾಡಿದ ಬ್ರಯನ್ ವಾನ್ಸಿಂಕ್ ಅವರ ಹಲವು ಸಂಶೋಧನಾ ಪ್ರಬಂಧಗಳನ್ನು ಪತ್ರಿಕೆಗಳು ಹಿಂತೆಗೆದುಕೊಂಡಿವೆ. ನನ್ನ ವಾದಕ್ಕೆ ಅನುಕೂಲವೆಂದು ಸಿಕ್ಕಿದ್ದನ್ನೆಲ್ಲ ಬಳಸುವುದು ಸರಿಯಲ್ಲ.)

ಪಟ್ಟಿಯ ದೊಡ್ಡ ದೋಷ ಬೇರೆಯೇ ಇದೆ. ಅದಕ್ಕೆ ಗೊತ್ತಿರುವುದು ಎರಡೇ ಸ್ಥಿತಿ: ಪಾಲಿಸಿದ್ದು, ಇಲ್ಲವೇ ಮುರಿದದ್ದು. ಮನಃಶಾಸ್ತ್ರದ ಸಂಶೋಧಕರಾದ ಹರ್ಮನ್ ಮತ್ತು ಮ್ಯಾಕ್ 1975ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ಐಸ್‌ಕ್ರೀಮನ್ನು ಮನಸ್ಸು ಬಂದಷ್ಟು ತಿನ್ನಲು ಬಿಟ್ಟರು. ಪಥ್ಯದ ಗೊಡವೆಯಿಲ್ಲದವರು ಕಡಿಮೆ ತಿಂದರು. ಸದಾ ಬಾಯಿ ಕಟ್ಟುವವರು ಮಿಲ್ಕ್‌ಶೇಕ್ ಕುಡಿದ ಮೇಲೆ ಇನ್ನೂ ಹೆಚ್ಚು ತಿಂದರು. ಹೇಗಿದ್ದರೂ ವ್ರತ ಕೆಟ್ಟಿತು, ಇನ್ನು ಬಿಟ್ಟೇನು ಪ್ರಯೋಜನ ಎನ್ನುವ ಈ ಮನಸ್ಸಿಗೆ ಯಾವ ಪಟ್ಟಿಯಲ್ಲೂ ಜಾಗವಿಲ್ಲ. ನಿಮ್ಮ ತಜ್ಞೆಯಂಥವರು ಕೇಳುವುದು ಅದನ್ನೇ: ಮುರಿದ ಮೇಲೆ ಏನು ಮಾಡಿದಿರಿ, ಆಗ ಹಸಿವಿತ್ತೇ, ಬೇಸರವಿತ್ತೇ, ಯಾರಾದರೂ ಬೈದಿದ್ದರೇ?

ಇಷ್ಟೆಲ್ಲ ಹೇಳಿದ ಮೇಲೆ ನೀವು ನನ್ನತ್ತ ಎಸೆಯಬಹುದಾದ ಕಲ್ಲನ್ನು ನಾನೇ ಎತ್ತಿಕೊಡುತ್ತೇನೆ. 2016ರಲ್ಲಿ ಪ್ರಕಟವಾದ, 194 ಸ್ಥೂಲಕಾಯರ ಮೇಲಿನ ಪ್ರಯೋಗದಲ್ಲಿ ಪಥ್ಯ ಮತ್ತು ವ್ಯಾಯಾಮಕ್ಕೆ ಮೈಂಡ್‌ಫುಲ್‌ನೆಸ್ ತರಬೇತಿಯನ್ನು ಸೇರಿಸಿದರೂ, 18 ತಿಂಗಳ ನಂತರ ತೂಕದಲ್ಲಿ ನಂಬಬಹುದಾದಷ್ಟು ವ್ಯತ್ಯಾಸ ಕಾಣಲಿಲ್ಲ. ಸರಿ. ಆದರೆ ತಕ್ಕಡಿಯ ಮುಳ್ಳೊಂದನ್ನೇ ನೋಡಿ ತೀರ್ಪು ಕೊಡುವ ಈ ಚಟ ನಮಗೆಲ್ಲಿಂದ ಅಂಟಿಕೊಂಡಿತು? ಹೆಜ್ಜೆ ಎಣಿಸುತ್ತೇವೆ, ನಿದ್ದೆಯನ್ನು ಅಳೆಯುತ್ತೇವೆ, ಕ್ಯಾಲರಿಯನ್ನು ಮೊಬೈಲಿಗೆ ಉಣಿಸುತ್ತೇವೆ, ಉಂಡದ್ದು ಹಿತವಾಯಿತೇ ಎಂದು ಮಾತ್ರ ಕೇಳಿಕೊಳ್ಳುವುದಿಲ್ಲ. ಚಿಕಿತ್ಸಾಲಯಗಳೂ ಅದಕ್ಕೆ ತಕ್ಕಂತೆಯೇ ಇವೆ. ಮುದ್ರಿತ ಪಟ್ಟಿಯನ್ನು ಕೈಗೆ ತುರುಕಿ ‘ಮುಂದಿನವರು ಬನ್ನಿ’ ಎನ್ನಲು ಐದು ನಿಮಿಷ ಸಾಕು. ಒಬ್ಬ ಮನುಷ್ಯ ಹೇಗೆ ಉಣ್ಣುತ್ತಾನೆಂದು ಕೇಳಿ ತಿಳಿಯಲು ಮುಕ್ಕಾಲು ಗಂಟೆ ಬೇಕು, ಆ ಮುಕ್ಕಾಲು ಗಂಟೆಯನ್ನು ಯಾವ ಆಡಳಿತವೂ ಸಂತೋಷದಿಂದ ಕೊಡುವುದಿಲ್ಲ. ಈ ಮೈಂಡ್‌ಫುಲ್ ಈಟಿಂಗನ್ನೇ ಆ್ಯಪ್‌ಗಳಲ್ಲಿ ಕಟ್ಟಿ, ‘ಧ್ಯಾನಿಸಿ ತೆಳ್ಳಗಾಗಿ’ ಎಂದು ಮಾರುವವರ ಬಗ್ಗೆ ನಿಮಗಿರುವಷ್ಟೇ ಅಸಹನೆ ನನಗೂ ಇದೆ. ನಿಮ್ಮ ತಜ್ಞೆ ಆ ಪೈಕಿಯವರೆಂದು ನಿಮ್ಮ ಪತ್ರದಲ್ಲಿ ಎಲ್ಲೂ ಕಾಣಲಿಲ್ಲ.

ಮುಂದಿನ ಭೇಟಿಯಲ್ಲಿ ಪಟ್ಟಿಯನ್ನೂ ಧಾರಾಳವಾಗಿ ಕೇಳಿ. ಒಂದಿದ್ದರೆ ಇನ್ನೊಂದು ಇರಬಾರದೆಂದು ಯಾರೂ ಹೇಳಿಲ್ಲ. ಆದರೆ ಅಲ್ಲಿಯವರೆಗೆ ಹಸಿವಿನ ಲೆಕ್ಕವನ್ನು ಕಾಟಾಚಾರಕ್ಕಲ್ಲದೆ ಬರೆಯಿರಿ: ಉಣ್ಣುವ ಮೊದಲು ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ, ಮುಗಿದ ಮೇಲೆ ಇನ್ನೊಂದು, ಹಸಿವಿಲ್ಲದೆಯೂ ತಿಂದಿದ್ದರೆ ಏಕೆಂದು ಒಂದು ಸಾಲು. ಆ ಪುಟಗಳನ್ನು ಅವರ ಮುಂದಿಡಿ. ಅವರು ಓದಿ ಪ್ರಶ್ನೆ ಕೇಳಿದರೆ ಅವರ ಬಳಿಯೇ ಮುಂದುವರಿಯಿರಿ. ಓದದೆ ಪಕ್ಕಕ್ಕೆ ಸರಿಸಿದರೆ ಬೇರೊಬ್ಬರನ್ನು ಹುಡುಕಿಕೊಳ್ಳಿ.