ಇದು ಕೊಡಲಿಯೋ, ಬರೀ ಕಲ್ಲೋ?

ಪ್ರಶ್ನೆ: ನಮ್ಮ ಹೊಲ ಬಳ್ಳಾರಿ ಹತ್ತಿರ, ಗುಡ್ಡದ ಬುಡದಲ್ಲಿದೆ. ಉಳುವಾಗ ಸಿಕ್ಕ ಚೂಪು ಕಲ್ಲುಗಳನ್ನೆಲ್ಲ ತೊಳೆದು ಡಬ್ಬಿಯಲ್ಲಿಟ್ಟಿದ್ದೇನೆ. ಮೂರರ ಫೋಟೊ ಕಳಿಸಿದ್ದೇನೆ. ಇವು ಆದಿಮಾನವರ ಆಯುಧಗಳಾ? ಮಾರಿದರೆ ಬೆಲೆ ಬರುತ್ತಾ?

ಉತ್ತರ: ಆ ಕಪ್ಪು ಕಲ್ಲು ಮಾತ್ರ ಕೊಡಲಿಯ ಹಾಗೇ ಕಾಣುತ್ತದೆ. ಅದು ಡಾಲರೈಟ್ ಇರಬೇಕು. ನಿಮ್ಮ ಪಕ್ಕದ ಸಂಗನಕಲ್ಲು ಗುಡ್ಡಗಳಲ್ಲಿ ಗ್ರಾನೈಟಿನ ನಡುವೆ ಈ ಕರಿಕಲ್ಲಿನ ಪಟ್ಟಿಗಳಿವೆ, ನವಶಿಲಾಯುಗದ ಜನ ಅದನ್ನೇ ಒಡೆದು, ಚಕ್ಕೆ ಎಬ್ಬಿಸಿ, ಆಮೇಲೆ ಬಂಡೆಗೆ ಉಜ್ಜಿ ಕೊಡಲಿ ಮಾಡುತ್ತಿದ್ದರು. ಉಜ್ಜಿದ ಗುಳಿಗಳು ಅಲ್ಲಿನ ಬಂಡೆಗಳ ಮೇಲೆ ಈಗಲೂ ಇವೆ. ನಿಮ್ಮ ಕಲ್ಲಿನ ಬಾಯಿ ನುಣುಪಾಗಿದೆ, ಹಿಂಬದಿ ಒರಟಾಗಿದೆ. ಹೊಳೆಯಲ್ಲಿ ಉರುಳಿದ ಕಲ್ಲಾಗಿದ್ದರೆ ಎಲ್ಲ ಕಡೆ ಒಂದೇ ಥರ ಸವೆದಿರುತ್ತಿತ್ತು, ಅಲ್ವಾ?

ಎಲೆಯಾಕಾರದ್ದು ಸುಮ್ನೆ ಕಲ್ಲು. ಆಕಾರ ನೋಡಿ ಮರುಳಾಗಬೇಡಿ, ಬಿಸಿಲಿಗೆ ಗ್ರಾನೈಟ್ ಹಾಗೆ ಎಷ್ಟೋ ಸಲ ಸುಲಿಯುತ್ತದೆ. ನೋಡಬೇಕಾದ್ದು ಏಟಿನ ಗುರುತು. ಮನುಷ್ಯ ಬೇಕಂತಲೇ ಎಬ್ಬಿಸಿದ ಚಕ್ಕೆಯಲ್ಲಿ ಏಟು ಬಿದ್ದ ಜಾಗದ ಕೆಳಗೆ ಸಣ್ಣ ಉಬ್ಬು ಇರುತ್ತದೆ, ಅಲ್ಲಿಂದ ನೀರಿನ ಅಲೆಯಂಥ ಗೆರೆಗಳು ಹರಡುತ್ತವೆ. ಆದರೆ ಜೆಸಿಬಿ ಏಟಿಗೂ ಕೆಲವೊಮ್ಮೆ ಹೀಗೇ ಆಗುತ್ತದೆ! ಅದಕ್ಕೇ ಒಂದು ಗುರುತು ಸಾಲದು. ಅಂಚಿನುದ್ದಕ್ಕೂ, ಎರಡೂ ಬದಿಯಿಂದ, ಒಂದರ ಪಕ್ಕ ಒಂದು ಚಕ್ಕೆ ಎದ್ದ ಗುಳಿಗಳು ಬೇಕು. ಬಣ್ಣವನ್ನೂ ನೋಡಿ. ಡಾಲರೈಟಿನ ಹಳೇ ಒಡಕು ಬೂದು ಅಥವಾ ಕಂದು ಬಣ್ಣಕ್ಕೆ ತಿರುಗಿರುತ್ತದೆ, ನಿನ್ನೆ ಮೊನ್ನೆಯದು ಕಪ್ಪಗೇ ಇರುತ್ತದೆ.

ಬಿಳಿ ಬೆಣಚುಕಲ್ಲಿನ ಚೂರಿನ ಬಗ್ಗೆ ಫೋಟೊ ನೋಡಿ ಹೇಳುವುದು ತಪ್ಪಾದೀತು. ಬೆಣಚುಕಲ್ಲು ನೇಗಿಲು ತಾಗಿದರೂ ಅಡ್ಡಾದಿಡ್ಡಿ ಸಿಡಿಯುತ್ತದೆ.

ಮಾರುವ ಯೋಚನೆ ಬಿಡಿ. 1972ರ ಪುರಾವಸ್ತು ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಇಂಥವುಗಳ ವ್ಯಾಪಾರ ಮಾಡುವಂತಿಲ್ಲ.

ನನಗೆ ಜಾಸ್ತಿ ಬೇಜಾರಾಗಿದ್ದು ಆ ಡಬ್ಬಿ ಕಂಡು. ಯಾವ ಕಲ್ಲು ಎಲ್ಲಿ ಸಿಕ್ಕಿತು ಅನ್ನುವುದೇ ಅದರಲ್ಲಿ ಕಳೆದುಹೋಗಿದೆ. ಯಾದಗಿರಿ ಕಡೆಯ ಇಸಾಂಪುರದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಅವರ ತಂಡ ಅಗೆದಾಗ ಸುಣ್ಣಕಲ್ಲಿನ ಚಪ್ಪಡಿ, ಅರೆಬರೆ ಆಯುಧ, ಚಕ್ಕೆ ಎಲ್ಲ ಒಟ್ಟಿಗೇ ಸಿಕ್ಕವು. ಅದಕ್ಕೇ ಅದು ಆಯುಧ ಮಾಡುತ್ತಿದ್ದ ಜಾಗ ಅಂತ ಗೊತ್ತಾಯಿತು. ಯಾರಾದರೂ ಮೊದಲೇ ಚೆಂದದವನ್ನು ಆರಿಸಿಕೊಂಡು ಹೋಗಿದ್ದರೆ?

ಇನ್ನು ಮುಂದೆ ಕಂಡದ್ದನ್ನು ಎತ್ತಬೇಡಿ, ತೊಳೆಯಬೇಡಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಎರಡೂ ಬದಿಯ ಫೋಟೊ ತೆಗೆಯಿರಿ, ಮೊಬೈಲಿನಲ್ಲಿ ಲೊಕೇಶನ್ ಉಳಿಸಿಕೊಳ್ಳಿ. ಕೊಡಲಿಯನ್ನು ಬಳ್ಳಾರಿಯಲ್ಲಿರುವ ರಾಬರ್ಟ್ ಬ್ರೂಸ್ ಫೂಟ್ ವಸ್ತುಸಂಗ್ರಹಾಲಯಕ್ಕೆ ಒಯ್ದು ತೋರಿಸಿ. ಹೊಲದ ಯಾವ ಮೂಲೆಯದು ಅಂತ ನೆನಪಿದ್ದರೆ ಚೀಟಿ ಬರೆದು ಜೊತೆಗಿಡಿ.