ಓದುಗರ ಪ್ರಶ್ನೆ: ಚಾವಣಿ ಯಾರದು, ಸಹಿ ಯಾರದು?

ಪ್ರಶ್ನೆ: ಮಾಟುಂಗಾದ ಹಳೆಯ ಕಟ್ಟಡವೊಂದರ ಮೇಲ್ಮಾಳಿಗೆಯಲ್ಲಿ ನಮ್ಮ ಮಾವನವರ ಕಾಲದಿಂದಲೂ ಪಗಡಿ (ಮೊದಲಿಗೆ ದೊಡ್ಡ ಮೊತ್ತ ಕೊಟ್ಟು, ಆಮೇಲೆ ಅಲ್ಪ ಬಾಡಿಗೆಯಲ್ಲಿ ಇರುವ) ಬಾಡಿಗೆದಾರರಾಗಿದ್ದೇವೆ. ಕಳೆದ ಮಳೆಗಾಲದಲ್ಲಿ ಅಡುಗೆಮನೆಯ ಚಾವಣಿಯ ಗಾರೆ ಕಳಚಿಬಿದ್ದು, ತುಕ್ಕು ಹಿಡಿದ ಸಲಾಕೆಗಳು ಹೊರಗೆ ಕಾಣುತ್ತಿವೆ. ಬಚ್ಚಲುಮನೆಯ ನೆಲದ ಟೈಲುಗಳೂ ಎದ್ದಿವೆ. ಮಾಲೀಕರು ಪತ್ರಕ್ಕೆ ಉತ್ತರ ಕೊಡುವುದಿಲ್ಲ. ಒಂದು ಕಚೇರಿಗೆ ಹೋದರೆ ಇನ್ನೊಂದಕ್ಕೆ ಕಳುಹಿಸುತ್ತಾರೆ, ಅಲ್ಲಿಂದ ಪುನಃ ಮೊದಲಿನದಕ್ಕೆ. ಕಂತ್ರಾಟುದಾರನು ‘ಪರವಾನಗಿಯೇ ಬೇಡ, ವಾರದಲ್ಲಿ ಮುಗಿಸುತ್ತೇನೆ’ ಎನ್ನುತ್ತಾನೆ. ನಿಜವಾಗಿ ಯಾರ ಅನುಮತಿ ಬೇಕು?

ಉತ್ತರ: ನೀವು ಎರಡು ಬೇರೆ ಕೆಲಸಗಳನ್ನು ಒಂದೇ ಅರ್ಜಿಯಲ್ಲಿ ಕಟ್ಟಿಕೊಂಡು ತಿರುಗುತ್ತಿದ್ದೀರೆಂದು ತೋರುತ್ತದೆ. ಬಚ್ಚಲುಮನೆಯ ಕೆಲಸದ ಮಟ್ಟಿಗೆ ಕಂತ್ರಾಟುದಾರನ ಮಾತು ಸರಿ, ಚಾವಣಿಯ ಮಟ್ಟಿಗೆ ಅಪಾಯಕಾರಿ.

1888ರ ಮುಂಬಯಿ ಮಹಾನಗರಪಾಲಿಕೆ ಕಾಯಿದೆಯ 342ನೇ ಕಲಮು ವಾಸಯೋಗ್ಯ ದುರಸ್ತಿಗೆ ಪೂರ್ವಸೂಚನೆಯಿಂದ ವಿನಾಯಿತಿ ಕೊಡುತ್ತದೆ. ಗಾರೆ, ಬಣ್ಣ, ನೆಲದ ಟೈಲು ಬದಲಾವಣೆ, ಸಂಡಾಸು ಬಚ್ಚಲುಗಳ ದುರಸ್ತಿ, ನಳ, ಪೈಪು, ವಿದ್ಯುತ್ ಜೋಡಣೆ, ಹಳೆಯ ಸಾಮಗ್ರಿಯಿಂದಲೇ ಮಾಡನ್ನು ಹೊಸದಾಗಿ ಹೊದಿಸುವುದು ಇವೆಲ್ಲ ಅದರಲ್ಲಿ ಸೇರುತ್ತವೆ. ಆದರೆ ಕಟ್ಟಡದ ಉದ್ದಗಲ ಎತ್ತರಗಳನ್ನು ಬದಲಿಸುವುದು, ಭಾರ ಹೊರುವ ಗೋಡೆಯನ್ನೋ ತೊಲೆಯನ್ನೋ ತೆಗೆಯುವುದು, ಅಟ್ಟ ಹಾಕುವುದು, ಹೆಂಚಿನ ಮಾಡನ್ನು ಸಪಾಟು ತಾರಸಿಯಾಗಿಸುವುದು ಸೇರುವುದಿಲ್ಲ. ಸಲಾಕೆಗಳು ಕಾಣುವಷ್ಟು ಸವೆದ ಚಾವಣಿಯ ಮೇಲೆ ಬರಿಯ ಗಾರೆ ಮೆತ್ತಿದರೆ ಕಾನೂನು ಸುಮ್ಮನಿರಬಹುದು, ತುಕ್ಕು ಸುಮ್ಮನಿರುವುದಿಲ್ಲ. ಸಲಾಕೆ ಬದಲಿಸಿ ಹೊಸ ಚಾವಣಿ ಹಾಕುವುದಾದರೆ ಅನುಮತಿಯಿಲ್ಲದೆ ಕೈ ಹಾಕಬೇಡಿ, ಕೆಲಸ ಅರ್ಧಕ್ಕೆ ಬಂದಾಗ 354ಎ ಕಲಮಿನ ಕೆಲಸ ನಿಲ್ಲಿಸುವ ನೋಟೀಸು ಬಂದರೆ ಮಳೆಗಾಲವನ್ನು ತೆರೆದ ಚಾವಣಿಯ ಕೆಳಗೆ ಕಳೆಯಬೇಕಾದೀತು.

ಇನ್ನು ಯಾವ ಕಚೇರಿಯೆಂಬ ಪ್ರಶ್ನೆ. ಕೊಲಾಬಾದಿಂದ ಮಾಹಿಮ್, ಸಾಯನ್‌ವರೆಗಿನ ದ್ವೀಪ ನಗರದಲ್ಲಿ ಬಾಡಿಗೆಗಳು 1940ರ ಮಟ್ಟದಲ್ಲಿಯೇ ನಿಂತುಹೋದವು, ಮಾಲೀಕರು ದುರಸ್ತಿಯನ್ನು ಕೈಬಿಟ್ಟರು, ಮಳೆಗಾಲದಲ್ಲಿ ಕಟ್ಟಡಗಳು ಕುಸಿಯತೊಡಗಿದವು. ಅದಕ್ಕಾಗಿ 1969ರಲ್ಲಿ ಬಾಡಿಗೆಯ ಹಳೆಯ ಕಟ್ಟಡಗಳ ಮೇಲೆ ದುರಸ್ತಿ ಸೆಸ್ (ದುರಸ್ತಿಗೆಂದೇ ಪಡೆಯುವ ಉಪತೆರಿಗೆ) ವಿಧಿಸಿ ಒಂದು ಮಂಡಳಿಯನ್ನು ಹುಟ್ಟಿಸಲಾಯಿತು. ಅದೇ ಈಗ ರಾಜ್ಯದ ಗೃಹನಿರ್ಮಾಣ ಪ್ರಾಧಿಕಾರವಾದ ಮ್ಹಾಡಾದ ಕೆಳಗಿರುವ ಕಟ್ಟಡ ದುರಸ್ತಿ ಮತ್ತು ಪುನರ್ನಿರ್ಮಾಣ ಮಂಡಳಿ. ಸೆಸ್ ಕಟ್ಟಡಗಳಲ್ಲಿ 1940ರ ಸೆಪ್ಟೆಂಬರಿಗಿಂತ ಹಿಂದಿನವು ‘ಎ’, 1950ರ ಕೊನೆಯವರೆಗಿನವು ‘ಬಿ’, 1969ರ ಸೆಪ್ಟೆಂಬರ್‌ವರೆಗಿನವು ‘ಸಿ’ ವರ್ಗ. ವಿಚಿತ್ರವೆಂದರೆ, ಸೆಸ್ ವಸೂಲು ಮಾಡುವುದು ಪಾಲಿಕೆ, ದುರಸ್ತಿ ಮಾಡಬೇಕಾದದ್ದು ಮಂಡಳಿ. ನಿಮ್ಮ ಸುತ್ತಾಟದ ಮೂಲ ಬಹುಶಃ ಇಲ್ಲಿಯೇ ಇದೆ. ಆದ್ದರಿಂದ ಮೊದಲು ಕಟ್ಟಡದ ಆಸ್ತಿ ತೆರಿಗೆ ಬಿಲ್ಲಿನ ಪ್ರತಿಯನ್ನು ಸಂಪಾದಿಸಿ, ದುರಸ್ತಿ ಸೆಸ್ ಇದೆಯೇ ನೋಡಿರಿ. ಇದ್ದರೆ ಚಾವಣಿಯ ಅರ್ಜಿಯನ್ನು ಮಂಡಳಿಯ ನಿಮ್ಮ ವಿಭಾಗದ ಕಾರ್ಯಕಾರಿ ಎಂಜಿನಿಯರರಿಗೆ ಕೊಡಿ. ಇಲ್ಲದಿದ್ದರೆ ವಾರ್ಡ್ ಆಫೀಸಿನ ‘ಇಮಾರತ್ ವ ಕಾರಖಾನೆ’ (ಕಟ್ಟಡ ಮತ್ತು ಕಾರ್ಖಾನೆ) ಖಾತೆಗೆ. ಬಾಯಿಮಾತಿನ ಉತ್ತರವನ್ನು ನಂಬಿ ಮರಳಬೇಡಿ. ಎರಡನೆಯ ಪ್ರತಿಯ ಮೇಲೆ ಆವಕ್ (ಪತ್ರ ಸ್ವೀಕರಿಸುವ) ಮೇಜಿನ ಮುದ್ರೆ, ತಾರೀಕು ಹಾಕಿಸಿಕೊಳ್ಳಿ. ತಿಂಗಳು ಕಳೆದರೂ ಸದ್ದಿಲ್ಲದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ‘ಈ ತಾರೀಕಿನ ನನ್ನ ಅರ್ಜಿ ಯಾರ ಮೇಜಿನಲ್ಲಿದೆ’ ಎಂದಷ್ಟೇ ಕೇಳಿರಿ. ಇದಕ್ಕೆ 30 ದಿನಗಳೊಳಗೆ ಲಿಖಿತ ಉತ್ತರ ಕೊಡಲೇಬೇಕು.

ಮಾಲೀಕರಿಗೂ ಅಂಚೆಯಲ್ಲಿ ನೋಟೀಸು ಹೋಗಲಿ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 14ನೇ ಕಲಮಿನಂತೆ, 15 ದಿನಗಳ ನೋಟೀಸಿನ ನಂತರವೂ ಅವರು ದುರಸ್ತಿ ಮಾಡಿಸದಿದ್ದರೆ ಬಾಡಿಗೆದಾರರೇ ಮಾಡಿಸಿ, ವರ್ಷದ ಬಾಡಿಗೆಯ ಕಾಲು ಭಾಗದವರೆಗೆ ಮುರಿದುಕೊಳ್ಳಬಹುದು. ಪಗಡಿ ಬಾಡಿಗೆಯ ಕಾಲು ಭಾಗದಲ್ಲಿ ಎಷ್ಟು ಚೀಲ ಸಿಮೆಂಟು ಬರುತ್ತದೆಂದು ನಿಮಗೇ ಗೊತ್ತು. ಆದರೂ ಆ ನೋಟೀಸು ಮುಂದೆ ದಾಖಲೆಯಾಗಿ ಉಪಯೋಗಕ್ಕೆ ಬರುತ್ತದೆ.

30 ವರ್ಷ ದಾಟಿದ ಕಟ್ಟಡಕ್ಕೆ ನೋಂದಾಯಿತ ಎಂಜಿನಿಯರರ ಸ್ಥಿರತೆಯ ತಪಾಸಣೆ ಕಡ್ಡಾಯ. ಇದನ್ನು ಕೇಳಿದೊಡನೆ ಪಗಡಿಯವರು ಹೆದರುತ್ತಾರೆ, ಮನೆ ಕೈತಪ್ಪೀತೆಂದು. ಭಯ ನಿರಾಧಾರವಲ್ಲ, ಆದರೆ ತಪಾಸಣೆಯಲ್ಲಿ ಪ್ರತಿ ಹಳೆಯ ಕಟ್ಟಡವೂ ಕೆಡವಬೇಕಾದ ‘ಸಿ-1’ ದರ್ಜೆಯದಾಗುವುದಿಲ್ಲ (ಇದು ಸೆಸ್‌ನ ‘ಸಿ’ ವರ್ಗವಲ್ಲ); ‘ಸಿ-2ಬಿ’ ಎಂದಾದರೆ ಖಾಲಿ ಮಾಡದೆಯೇ ದುರಸ್ತಿ ಸಾಧ್ಯ. ಮಾಲೀಕರ ವರದಿಯೂ ಬಾಡಿಗೆದಾರರ ವರದಿಯೂ ಒಂದಕ್ಕೊಂದು ವಿರುದ್ಧವಾದರೆ ಪಾಲಿಕೆಯ ತಾಂತ್ರಿಕ ಸಲಹಾ ಸಮಿತಿಯ ಮುಂದೆ ಹೋಗುತ್ತದೆ. ಒಂದು ವೇಳೆ ಖಾಲಿ ಮಾಡಲೇಬೇಕಾದರೆ, ನಿಮ್ಮ ಹೆಸರು ಮತ್ತು ಮನೆಯ ವಿಸ್ತೀರ್ಣ ಪಾಲಿಕೆಯ ಪಟ್ಟಿಯಲ್ಲಿ ದಾಖಲಾದ ಪ್ರತಿ ಕೈಗೆ ಬರುವವರೆಗೆ ಬೀಗದ ಕೈ ಕೊಡಬೇಡಿ.

ಪ್ರಶ್ನೆ: ಮುಲುಂಡಿನ ನಮ್ಮ ಸೊಸೈಟಿಯಲ್ಲಿ ತಾರಸಿಯಿಂದ ನೀರು ಸೋರಿ ಕೊನೆಯ ಮಾಳಿಗೆಯ ನಮ್ಮ ಹಾಲ್ ಕೆಟ್ಟಿದೆ. ‘ನಿಮ್ಮ ಮನೆಯೊಳಗಿನದು, ನೀವೇ ಮಾಡಿಸಿ’ ಎನ್ನುತ್ತಾರೆ ಕಾರ್ಯದರ್ಶಿಗಳು. ಪಾಲಿಕೆಗೆ ದೂರು ಕೊಡಲೇ?

ಉತ್ತರ: ಪಾಲಿಕೆಯವರೆಗೆ ಹೋಗಬೇಕಾಗಿಲ್ಲ. ಮಹಾರಾಷ್ಟ್ರದ ಗೃಹನಿರ್ಮಾಣ ಸೊಸೈಟಿಗಳ ಮಾದರಿ ಉಪನಿಯಮಗಳಲ್ಲಿ, ತಾರಸಿಯ ಮಳೆನೀರಿನಿಂದ ಕೊನೆಯ ಮಾಳಿಗೆಯ ಚಾವಣಿಗೂ ಅದರ ಗಾರೆಗೂ ಆದ ಹಾನಿಯನ್ನು ಸೊಸೈಟಿಯೇ ತನ್ನ ಖರ್ಚಿನಲ್ಲಿ ಸರಿಪಡಿಸಬೇಕೆಂದು ಸ್ಪಷ್ಟವಾಗಿ ಬರೆದಿದೆ. ಆ ಪುಟದ ಪ್ರತಿಯನ್ನು ಲಗತ್ತಿಸಿ ಕಮಿಟಿಗೆ ಪತ್ರ ಕೊಡಿ. ಅದಕ್ಕೂ ಮಣಿಯದಿದ್ದರೆ ನಿಮ್ಮ ವಾರ್ಡಿನ ಸಹಕಾರಿ ಸಂಘಗಳ ಉಪನಿಬಂಧಕರ ಕಚೇರಿಗೆ ದೂರು ಹೋಗಲಿ. ಒಳಗೋಡೆಯ ಬಣ್ಣದ ಖರ್ಚಿನ ಬಗ್ಗೆ ಮಾತ್ರ ಕಾರ್ಯದರ್ಶಿಗಳೊಡನೆ ಚೌಕಾಸಿಗೆ ಸಿದ್ಧರಾಗಿರಿ.